ನಾದಿನಿಯ ಹತ್ತು ಶನಿವಾರಗಳು

ನನ್ನ ನಾದಿನಿಗೆ ನಲವತ್ತೊಂಬತ್ತು ವರ್ಷ. ಮೂಗಿನ ಮೇಲೆ ಕನ್ನಡಕ, ತುಟಿಯ ನಡುವೆ ಗುಂಡುಸೂಜಿ, ಕೈಯಲ್ಲಿ ಕತ್ತರಿ, ಇವಿಷ್ಟು ಇಲ್ಲದೆ ಅವಳನ್ನು ನೋಡಿದವರು ಕಡಿಮೆ. ನಮ್ಮ ಟೈಲರ್ ಅಂಗಡಿಯಲ್ಲಿ ಮೂವತ್ತೆರಡು ವರ್ಷಗಳಿಂದ ಬಟ್ಟೆ ಕತ್ತರಿಸುವವಳು ಅವಳೇ. ಅಣ್ಣ, ಅಂದರೆ ನಮ್ಮ ಯಜಮಾನರು, ಹೊಲಿಯುತ್ತಾರೆ. ತಂಗಿ ಕತ್ತರಿಸುತ್ತಾಳೆ. ಸೊಸೆಯಾಗಿ ಬಂದ ನಾನು ಗುಂಡಿ ಹಚ್ಚುತ್ತೇನೆ, ಅಂಚು ಮಡಿಸುತ್ತೇನೆ, ಇಬ್ಬರ ನಡುವೆ ಮಾತು ನಿಂತಾಗ ಸುದ್ದಿ ಸಾಗಿಸುತ್ತೇನೆ. ಬೀದಿಯವರು ಅವಳನ್ನು ಕತ್ತರಿಯಕ್ಕ ಎನ್ನುತ್ತಾರೆ. ಕೈಯಲ್ಲಿರುವುದಕ್ಕೋ ಬಾಯಲ್ಲಿರುವುದಕ್ಕೋ ಎಂದು ನನ್ನನ್ನು ಕೇಳಬೇಡಿ. ನಾನು ಅತ್ತಿಗೆ, ನನ್ನ ಸಾಕ್ಷಿ ನಡೆಯುವುದಿಲ್ಲ.

ಈ ಕತ್ತರಿಯಕ್ಕ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯಲು ಕಲಿತ ಕಥೆಯನ್ನು ನಾನೇ ಹೇಳಬೇಕು. ಅವಳಿಗೆ ಬಿಟ್ಟರೆ ಎರಡು ವಾಕ್ಯದಲ್ಲಿ ಮುಗಿಸುತ್ತಾಳೆ. ಯಜಮಾನರಿಗೆ ಬಿಟ್ಟರೆ ತಮ್ಮ ಪಾಲಿನದನ್ನು ನುಂಗಿಕೊಂಡು ಉಳಿದದ್ದನ್ನು ಹೇಳುತ್ತಾರೆ.

ಮೊದಲು ಅವಳ ಟೇಪಿನ ವಿಷಯ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅವಳ ಅಳತೆ ಟೇಪಿನ ತುದಿಯ ತಗಡು ಕಿತ್ತುಹೋಗಿ, ಮೊದಲ ಇಂಚು ನೂಲುನೂಲಾಗಿ, ಅದನ್ನು ಅವಳೇ ಕತ್ತರಿಸಿ ಎಸೆದು ಎಷ್ಟೋ ಕಾಲವಾಯಿತು. ಹಾಗಾಗಿ ಅವಳ ಟೇಪು ಒಂದರಿಂದ ಶುರುವಾಗುತ್ತದೆ. ನಲವತ್ತು ಇಂಚಿನ ಎದೆಯನ್ನು ಅದು ನಲವತ್ತೊಂದು ಎನ್ನುತ್ತದೆ. ಅವಳು ಅಳತೆ ಪುಸ್ತಕದಲ್ಲಿ ಟೇಪು ಹೇಳಿದ್ದನ್ನೇ ಬರೆದು, ಕತ್ತರಿಸುವಾಗ ಮನಸ್ಸಿನಲ್ಲೇ ಒಂದು ಕಳೆಯುತ್ತಾಳೆ. ಹೊಸದು ತಗೋ ಎಂದರೆ, "ಇದು ನನ್ನ ಕೈಗೆ ಪಳಗಿದೆ ಅತ್ತಿಗೆ, ಹೊಸದನ್ನ ಯಾರು ಪಳಗಿಸ್ತಾ ಕೂರ್ತಾರೆ" ಎನ್ನುತ್ತಾಳೆ. ಮೂವತ್ತೆರಡು ವರ್ಷದಲ್ಲಿ ಒಂದು ತೋಳೂ ಗಿಡ್ಡವಾಗಿಲ್ಲ, ಒಂದು ಬೆನ್ನೂ ಬಿಗಿದಿಲ್ಲ. ಅದಕ್ಕೇ ನಾನೂ ಸುಮ್ಮನಾಗಿದ್ದೆ.

ಶಾಲೆಯಲ್ಲಿ ಲೆಕ್ಕಕ್ಕೆ ಅವಳೇ ಮುಂದಂತೆ. ತಂದೆಯ ಕೈ ನಡುಗಲು ಶುರುವಾದ ವರ್ಷ ಓದು ಬಿಟ್ಟು ಕತ್ತರಿ ಹಿಡಿದಳು. ಮದುವೆಯ ಮಾತು ಬಂದಾಗೆಲ್ಲ, "ಅಳತೆಗೆ ಸರಿಹೋಗೋನು ಸಿಕ್ಕಿಲ್ಲ, ಸಿಕ್ಕಿದವನನ್ನ ಆಲ್ಟರ್ ಮಾಡೋಕೆ ಪುರುಸೊತ್ತಿಲ್ಲ" ಎಂದು ನಕ್ಕುಬಿಡುತ್ತಿದ್ದಳು. ಅವಳಿಗೆ ಬೇಕಾದದ್ದು ಏನು ಎಂದು ನಾವು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಗೊತ್ತಿರಲಿಲ್ಲ.

ಅದು ಗೊತ್ತಾದದ್ದು ಒಂದು ಶನಿವಾರ ಬೆಳಗ್ಗೆ, ಏಣಿಯ ಮೇಲೆ. ಲೈಬ್ರರಿಯ ಮಹಡಿಯ ಕೋಣೆಗೆ ಹೊಸ ಪರದೆ ಬೇಕಾಗಿತ್ತು. ಅವಳು ಏಣಿ ಹತ್ತಿ ಕಿಟಕಿ ಅಳೆಯುತ್ತಿದ್ದಳು, ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ. ಅದೇ ಕೋಣೆಯಲ್ಲಿ ಹತ್ತಾರು ಜನ ಉದ್ದ ಮೇಜಿನ ಸುತ್ತ ಕೂತಿದ್ದರು. ಎಲ್ಲರ ಮುಂದೆಯೂ ಹಳೆಯ ಲ್ಯಾಪ್‌ಟಾಪು, ನೆಲದ ತುಂಬ ವೈರು. ಮುಂದೆ ನಿಂತಿದ್ದವನಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ವಾರವೆಲ್ಲ ನೀರು ಸರಬರಾಜು ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಂಡು, ಶನಿವಾರ ಇಲ್ಲಿ ಬಂದವರಿಗೆಲ್ಲ ಪ್ರೋಗ್ರಾಂ ಬರೆಯುವುದನ್ನು ಪುಕ್ಕಟೆ ಕಲಿಸುತ್ತಾನೆ ಎಂದು ಆಮೇಲೆ ತಿಳಿಯಿತು. ಅವನಿಗಿಂತ ಹಿರಿಯರೇ ತುಂಬಿದ್ದರೂ ಎಲ್ಲರೂ ಅವನನ್ನು ಮೇಷ್ಟ್ರೇ ಎನ್ನುತ್ತಿದ್ದರು.

ಮೇಷ್ಟ್ರು ಒಂದು ಅಂಗಿ ಹಿಡಿದು ನಿಂತಿದ್ದರು. "ನನಗೆ ಅಂಗಿ ಮಡಿಸೋಕೆ ಬರಲ್ಲ ಅಂದ್ಕೊಳ್ಳಿ. ನೀವು ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತೀನಿ. ಸ್ವಂತ ಬುದ್ಧಿ ಓಡಿಸಲ್ಲ. ಕಂಪ್ಯೂಟರೂ ಹೀಗೇ."

ಬಸ್ ಓಡಿಸಿ ನಿವೃತ್ತರಾದ ಒಬ್ಬರು, ಅಲ್ಲಿ ಎಲ್ಲರ ಬಾಯಲ್ಲೂ ಬಸ್ಸಣ್ಣ, "ತೋಳನ್ನ ಹಿಂದಕ್ಕೆ ಹಾಕಿ" ಎಂದರು. ಮೇಷ್ಟ್ರು ತಮ್ಮದೇ ತೋಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಎಲ್ಲರೂ ನಕ್ಕರು. ಇನ್ನೊಬ್ಬರು "ಅರ್ಧಕ್ಕೆ ಮಡಿಸಿ" ಎಂದಾಗ ಅಂಗಿ ಮುದ್ದೆಯಾಯಿತು.

ನಮ್ಮವಳು ಬಾಯಿಂದ ಗುಂಡುಸೂಜಿ ತೆಗೆದಳು. ನನಗೆ ಆಗಲೇ ಗೊತ್ತಾಯಿತು, ಇವಳು ಮೂಗು ತೂರಿಸುತ್ತಾಳೆ ಎಂದು.

"ಮೊದಲು ಗುಂಡಿ ಹಾಕಿದೆಯಾ ನೋಡಿ" ಎಂದಳು ಏಣಿಯ ಮೇಲಿಂದಲೇ. "ಹಾಕಿದ್ದರೆ ಮುಂದಕ್ಕೆ ಹೋಗಿ. ಹಾಕಿಲ್ಲದಿದ್ದರೆ ಕಾಲರ್‌ನಿಂದ ಶುರು ಮಾಡಿ ಕೆಳಕ್ಕೆ ಒಂದೊಂದೇ ಹಾಕ್ತಾ ಬನ್ನಿ, ಗುಂಡಿ ಮುಗಿಯೋ ತನಕ. ಆಮೇಲೆ ಅಂಗಿನ ಮೇಜಿನ ಮೇಲೆ ಬೋರಲು ಹಾಕಿ. ಕಾಲರ್ ಆ ಕಡೆ, ಕೆಳಗಿನ ಅಂಚು ನಿಮ್ಮ ಹೊಟ್ಟೆ ಕಡೆ."

ಎಂಟು ಮಾತಿನಲ್ಲಿ ಅಂಗಿ ಅಂಗಡಿಯ ಗಾಜಿನೊಳಗೆ ಇಡುವಂತೆ ಮಡಿಸಿಕೊಂಡು ಕೂತಿತು. ಮೇಷ್ಟ್ರು ಅದನ್ನು ನೋಡಲಿಲ್ಲ, ಇವಳನ್ನೇ ನೋಡುತ್ತಿದ್ದರು. "ನೀವು ಎಲ್ಲಿ ಕಲಿತದ್ದು?" ಎಂದರು.

"ಏನನ್ನ?"

"ಈಗ ಮಾಡಿದ್ದನ್ನ. ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ, ಮುಗಿಯೋ ತನಕ ಮತ್ತೆ ಮತ್ತೆ. ಇವರಿಗೆಲ್ಲ ಇದನ್ನ ಹೇಳಿಕೊಡೋಕೆ ನಾನು ಮೂರು ವಾರದಿಂದ ಒದ್ದಾಡ್ತಿದೀನಿ."

ಅವಳು ಏಣಿಯಿಂದ ಇಳಿದು ಬಂದ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಕಿಟಕಿಯ ಅಳತೆ ಅರ್ಧಕ್ಕೇ ಬಿಟ್ಟು, ಹೋಗಿ ಮೇಜಿನ ತುದಿಯ ಖಾಲಿ ಕುರ್ಚಿಯಲ್ಲಿ ಕೂತಳು. ಉಳಿದ ಎರಡು ಕಿಟಕಿಯನ್ನು ಏಣಿ ಹತ್ತಿ ನಾನೇ ಅಳೆದೆ. ನನಗೆ ಎತ್ತರವೆಂದರೆ ತಲೆ ಸುತ್ತುತ್ತದೆ ಎಂಬುದು ಆ ದಿನ ಯಾರಿಗೂ ನೆನಪಿಗೆ ಬರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ. "ಅತ್ತಿಗೆ, ಕಂಪ್ಯೂಟರ್ ಪರದೆ ಮೇಲೆ ನನ್ನ ಹೆಸರು ಬರೆಸಿದೆ. ಹತ್ತು ಸಲ ಬರೀ ಅಂದೆ, ಹತ್ತು ಸಲ ಬರೀತು. ಸಾವಿರ ಸಲ ಅಂದೆ. ಬರೀತು ಅತ್ತಿಗೆ. ಒಂದು ಸಲಾನೂ ಯಾಕೆ ಅಂತ ಕೇಳಲಿಲ್ಲ." ಎರಡು ಬೀದಿ ದಾಟುವವರೆಗೂ ಇದೇ ಮಾತು. ಯಾಕೆ ಎಂದು ಕೇಳದೆ ಹೇಳಿದ್ದನ್ನು ಮಾಡುವವರು ನಮ್ಮ ಮನೆಯಲ್ಲಿ ಒಬ್ಬರೂ ಇಲ್ಲ, ಅವಳ ಸಂತೋಷ ನನಗೆ ಅರ್ಥವಾಯಿತು.

ಯಜಮಾನರಿಗೆ ಅರ್ಥವಾಗಲಿಲ್ಲ. ಪ್ರತಿ ಶನಿವಾರ ಬೆಳಗ್ಗೆ ಎರಡು ಗಂಟೆ ಬಿಡುವು ಬೇಕು ಎಂದು ತಂಗಿ ಕೇಳಿದಾಗ ಮಿಷನ್ನಿನ ಚಕ್ರ ಕೈಯಿಂದ ಹಿಡಿದು ನಿಲ್ಲಿಸಿದರು. ಶನಿವಾರವೆಂದರೆ ಅಳತೆ ಕೊಡುವವರೂ ಬಟ್ಟೆ ಒಯ್ಯುವವರೂ ಒಟ್ಟಿಗೆ ಬರುವ ದಿನ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ?" ಎಂದರು.

"ಬಗ್ಗಿಸೋದಲ್ಲ ಅಣ್ಣ, ಕಲಿಯೋದು."

"ಕಲಿತು?"

ಅವಳು ತಡವರಿಸಲಿಲ್ಲ. ಏಣಿಯಿಂದ ಮನೆಗೆ ಬರುವಷ್ಟರಲ್ಲಿ ಅದನ್ನೂ ಯೋಚಿಸಿಕೊಂಡಿದ್ದಳು. "ಅಳತೆ ಹಾಕಿದರೆ ಕತ್ತರಿಸೋ ಚೀಟಿ ಬರೋ ಹಾಗೆ ಮಾಡ್ತೀನಿ. ಎಲ್ಲಿಂದ ಎಲ್ಲಿಗೆ ಸೀಮೆಸುಣ್ಣದ ಗೆರೆ, ಎಷ್ಟು ಇಂಚು, ಎಲ್ಲ ಇರುತ್ತೆ. ಚೀಟಿ ಇದ್ದರೆ ನಾನಿಲ್ಲದಿದ್ದರೂ ನೀನೇ ಕತ್ತರಿಸಬಹುದು."

ಯಜಮಾನರು ಮಹಾ ಹಠಮಾರಿ, ಆದರೆ ಮಾತಿಗೆ ತಪ್ಪುವವರಲ್ಲ. ಒಂದು ಒಪ್ಪಂದವಾಯಿತು. ಅವಳಿಗೆ ಹತ್ತು ಶನಿವಾರ. ಹತ್ತನೆಯ ಶನಿವಾರದೊಳಗೆ ಅವಳ ಚೀಟಿ ನೋಡಿಕೊಂಡು ಅವರು ಒಂದು ಕೋಟು ಕತ್ತರಿಸುವುದು, ಅವಳು ಅದನ್ನು ಮುಟ್ಟಕೂಡದು. ಕೋಟು ಸರಿಯಾಗಿ ಕೂತರೆ ಶನಿವಾರದ ಬೆಳಗು ಎಂದೆಂದಿಗೂ ಅವಳದು. ಕೂರದಿದ್ದರೆ ಲೈಬ್ರರಿಯ ಮಾತನ್ನು ಮತ್ತೆ ಎತ್ತುವಂತಿಲ್ಲ.

"ಶನಿವಾರ ಬರೋರ ಅಳತೆ ಯಾರು ತಗೋತಾರೆ?" ಎಂದು ಕೇಳಿದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಜಗಳವಾಡುವಾಗ ಒಂದಾಗದ ಅಣ್ಣತಂಗಿ ಕೆಲಸ ಹೊರಿಸುವಾಗ ಒಂದಾಗುತ್ತಾರೆ. ಮರುದಿನವೇ ಹೊಸ ಟೇಪು ತಂದುಕೊಂಡೆ.

ಲೈಬ್ರರಿಯಲ್ಲಿ ನಿಜಕ್ಕೂ ಏನು ನಡೆಯುತ್ತದೆ ಎಂದು ನೋಡಬೇಕಿತ್ತು. ಮೂರನೆಯ ಶನಿವಾರ ಅವಳು ಓದುವ ಕನ್ನಡಕ ಮರೆತು ಹೋದಳು. ಕೊಟ್ಟುಬರುವ ನೆಪದಲ್ಲಿ ಹೊರಟೆ. ಮೆಟ್ಟಿಲು ಹತ್ತುತ್ತಿರುವಾಗಲೇ ಚಪ್ಪಾಳೆ ಕೇಳಿಸಿತು. ಬಸ್ಸಣ್ಣ ಎದ್ದುನಿಂತು, ತಮ್ಮ ಪ್ರೋಗ್ರಾಮಿನಲ್ಲಿ ಬಸ್ಸು ಕೊನೆಯ ನಿಲ್ದಾಣದಲ್ಲಿ ನಿಲ್ಲದೆ ಊರಾಚೆ ಹೋಗುತ್ತಲೇ ಇದೆ, ಯಾಕೆಂದರೆ ನಿಲ್ಲು ಎಂದು ತಾನು ಎಲ್ಲೂ ಬರೆದೇ ಇಲ್ಲ ಎಂದು ವರದಿ ಒಪ್ಪಿಸುತ್ತಿದ್ದರು. ಎಲ್ಲರೂ ಮನಸಾರೆ ಚಪ್ಪಾಳೆ ತಟ್ಟುತ್ತಿದ್ದರು.

"ಇದೇನು, ಕೆಡಿಸಿದವರಿಗೆ ಸನ್ಮಾನವಾ?" ಎಂದು ನಾದಿನಿಯ ಕಿವಿಯಲ್ಲಿ ಕೇಳಿದೆ.

"ಇಲ್ಲಿ ಹಾಗೇ ಅತ್ತಿಗೆ. ತಪ್ಪು ಸಿಕ್ಕಿದರೆ ಎದ್ದು ನಿಂತು, ತಪ್ಪು ಸಿಕ್ಕಿತು ಅಂತ ಹೇಳಬೇಕು. ಬಚ್ಚಿಟ್ಟರೆ ಮೇಷ್ಟ್ರಿಗೆ ಆಗಲ್ಲ. ಸಿಕ್ಕಿದ ತಪ್ಪು ಅರ್ಧ ಸರಿಯಾದ ಹಾಗೆ ಅಂತಾರೆ."

ಅವಳ ಲ್ಯಾಪ್‌ಟಾಪು ಲೈಬ್ರರಿಯದು. ಒಂದು ಅಕ್ಷರದ ಗುಂಡಿ ಕಿತ್ತುಹೋಗಿತ್ತು, ಅಲ್ಲಿಗೆ ಪೆನ್ಸಿಲಿನ ರಬ್ಬರಿನಿಂದ ಒತ್ತುತ್ತಿದ್ದಳು. ಉಳಿದದ್ದಕ್ಕೆಲ್ಲ ಕತ್ತರಿ ಹಿಡಿಯುವ ಎರಡೇ ಬೆರಳು. ಆ ಎರಡು ಬೆರಳು ಓಡುತ್ತಿದ್ದ ಚುರುಕು ನೋಡಿ ನಾನು ಕನ್ನಡಕ ಕೊಡುವುದನ್ನೇ ಮರೆತೆ. ಅವಳು ಒಂದು ಸಾಲು ತೋರಿಸಿದಳು. ಸಾಲಿನ ಮೊದಲಿಗೆ ಒಂದು ಸಣ್ಣ ಗುರುತು ಇತ್ತು.

"ಈ ಗುರುತು ಹಾಕಿದರೆ ಆ ಸಾಲನ್ನ ಕಂಪ್ಯೂಟರ್ ಓದಲ್ಲ. ನಮ್ಮ ನೆನಪಿಗೆ ಅಂತ ಏನು ಬೇಕಾದರೂ ಬರೆದುಕೊಳ್ಳಬಹುದು. ಅದಕ್ಕೆ ಗೊತ್ತಾಗದ ಹಾಗೆ ಅದರ ಹೊಟ್ಟೆಯೊಳಗೇ ಗುಟ್ಟು." ಹೀಗೆಂದು ಮಗುವಿನ ಹಾಗೆ ನಕ್ಕಳು.

ನೋಡಿ ಬರಲು ಹೋದವಳು ಒಂದು ಗಂಟೆ ಕೂತೆ. ಅಂಗಡಿಗೆ ಬಂದಾಗ ಯಜಮಾನರು, "ಕನ್ನಡಕ ಅಷ್ಟು ಭಾರ ಇತ್ತಾ?" ಎಂದರು, ಅಷ್ಟೇ.

ಅಲ್ಲಿಂದ ಮುಂದೆ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ. ಆರನೆಯ ಶನಿವಾರ ದಿನವಿಡೀ ಕಾರ್ಯಾಗಾರ. ಬೇರೆ ಬಡಾವಣೆಗಳ ಗುಂಪುಗಳೂ ಬಂದಿದ್ದವು. ಇಬ್ಬಿಬ್ಬರಿಗೆ ಒಂದು ಲ್ಯಾಪ್‌ಟಾಪು, ಒಬ್ಬರು ಹೇಳಬೇಕು ಒಬ್ಬರು ಬರೆಯಬೇಕು, ಕಾಲು ಗಂಟೆಗೊಮ್ಮೆ ಅದಲುಬದಲು. ಇವಳ ಜೋಡಿಗೆ ಸಿಕ್ಕಿದ ಆಸ್ಪತ್ರೆಯ ನರ್ಸು, "ನೀವು ಹೇಳ್ತಾ ಇದ್ದರೆ ಆಪರೇಷನ್ ಥಿಯೇಟರ್‌ನಲ್ಲಿ ನಿಂತ ಹಾಗಿದೆ" ಎಂದಳಂತೆ. ಎಂಟನೆಯ ಶನಿವಾರ ಲೈಬ್ರರಿಯ ಪ್ರಿಂಟರಿನಿಂದ ಮೊದಲ ಚೀಟಿ ಹೊರಬಂತು. ಎದೆ, ಹೆಗಲು, ತೋಳು, ಬೆನ್ನು, ಗೆರೆ ಎಲ್ಲಿ, ತಿರುವು ಎಲ್ಲಿ, ಎಲ್ಲ ಅಚ್ಚುಕಟ್ಟು. ಅವಳು ಅದನ್ನು ದಾರಿಯುದ್ದಕ್ಕೂ ಮಡಿಸದೆ ಎರಡು ಕೈಯಲ್ಲಿ ಹಿಡಿದು ತಂದು ಕತ್ತರಿಸುವ ಮೇಜಿನ ಎದುರಿನ ಗೋಡೆಗೆ ಅಂಟಿಸಿದಳು. ಯಜಮಾನರಿಗೆ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಓದುವ ಅಭ್ಯಾಸ, ಅಂಗಡಿಯ ಬೋರ್ಡೂ ಬಿಡುವುದಿಲ್ಲ, ಔಷಧಿಯ ಡಬ್ಬಿಯೂ ಬಿಡುವುದಿಲ್ಲ. ಚೀಟಿಯನ್ನೂ ಮೇಲಿಂದ ಕೆಳಗಿನವರೆಗೆ ಓದಿದರು.

ಅಷ್ಟರಲ್ಲಿ ದೊಡ್ಡ ಕೆಲಸವೊಂದು ಬಂದಿತ್ತು. ಬ್ಯಾಂಡಿನವರ ನಲವತ್ತನಾಲ್ಕು ನೀಲಿ ಕೋಟು. ಅವರೆಲ್ಲ ಬಿಡುವಾದಾಗ ಬಿಡಿಬಿಡಿಯಾಗಿ ಬಂದು ಅಳತೆ ಕೊಟ್ಟರು. ಇಪ್ಪತ್ತೊಂದು ಜನರನ್ನು ನಾದಿನಿ ಅಳೆದಳು, ಹನ್ನೆರಡು ಜನರನ್ನು ಯಜಮಾನರು, ಶನಿವಾರಗಳಲ್ಲಿ ಬಂದ ಹನ್ನೊಂದು ಜನರನ್ನು ನಾನು. ಬಟ್ಟೆ ಲೆಕ್ಕ ಹಾಕಿ ತರಿಸಿದ್ದು, ಒಂದು ಕೋಟು ಕೆಟ್ಟರೆ ಇನ್ನೊಂದಕ್ಕೆ ಆಗುವಷ್ಟು ಮಾತ್ರ ಮಿಗುತ್ತಿತ್ತು. ಸೋಮವಾರ ಕತ್ತರಿಸಲು ಶುರು ಮಾಡಬೇಕು, ಅದರ ಹಿಂದಿನ ಶನಿವಾರವೇ ಅವಳ ಹತ್ತನೆಯ ಶನಿವಾರ. ಅಂದು ಲೈಬ್ರರಿಯಲ್ಲಿ ಕಲಿತವರೆಲ್ಲ ತಮ್ಮ ತಮ್ಮ ಪ್ರೋಗ್ರಾಂ ತೋರಿಸುವ ದಿನ, ಒಬ್ಬೊಬ್ಬರಿಗೆ ಎಂಟು ನಿಮಿಷ. ಪರೀಕ್ಷೆಯ ಕೋಟು ಬ್ಯಾಂಡ್ ಮಾಸ್ತರರದೇ ಆಗಲಿ, ಅವರು ಅಲ್ಲೇ ತೊಟ್ಟು ನೋಡಲಿ ಎಂದು ಯಜಮಾನರೇ ಹೇಳಿದರು. ಗುರುವಾರ ಚೀಟಿ ಕೈಗೆ ಬಂತು. ಅವರೇ ಕತ್ತರಿಸಿ ಅವರೇ ಹೊಲಿದರು. ತಂಗಿಯನ್ನು ಆ ಎರಡು ದಿನ ಮೇಜಿನ ಹತ್ತಿರ ಸುಳಿಯಲೂ ಬಿಡಲಿಲ್ಲ.

ಶನಿವಾರ ಅಂಗಡಿಗೆ ಬೀಗ ಹಾಕಿ ಮೂವರೂ ಹೋದೆವು. ಮಹಡಿಯ ಕೋಣೆಯಲ್ಲಿ ನಿಲ್ಲಲು ಜಾಗವಿರಲಿಲ್ಲ. ನಾವು ಹೊಲಿದ ಪರದೆಗಳನ್ನು ಎಳೆದು ಕತ್ತಲು ಮಾಡಿ ಗೋಡೆಯ ಮೇಲೆ ಬೆಳಕು ಬಿಟ್ಟಿದ್ದರು. ಬಸ್ಸಣ್ಣನ ಬಸ್ಸು ಎಲ್ಲ ನಿಲ್ದಾಣದಲ್ಲೂ ನಿಂತು, ಕೊನೆಗೆ ಡಿಪೋ ಸೇರಿತು. ಜನ ಶಿಳ್ಳೆ ಹಾಕಿದರು. ಮುಂದಿನದು ನಮ್ಮವಳು.

ಅವಳು ಅಂಜಲಿಲ್ಲ. ಅಳೆದವರು ಯಾರು, ಅಳತೆ ಎಷ್ಟು ಎಂದು ಹೇಗೆ ಹಾಕುವುದು, ಚೀಟಿ ಹೇಗೆ ಬರುವುದು ಎಂದು ಮೂರು ನಿಮಿಷದಲ್ಲಿ ತೋರಿಸಿದಳು. ಗೋಡೆಯ ಮೇಲೆ ನಲವತ್ತನಾಲ್ಕು ಚೀಟಿಗಳು ಸರಸರನೆ ಉರುಳಿದವು. ನಾವು ಎರಡು ದಿನ ಕೂತು ಬರೆಯುವ ಕೆಲಸ. ಆಮೇಲೆ ಬ್ಯಾಂಡ್ ಮಾಸ್ತರರು ಎದ್ದುಬಂದರು. ಯಜಮಾನರು ಚೀಲದಿಂದ ಕೋಟು ತೆಗೆದು ತಾವೇ ತೊಡಿಸಿದರು.

ತೋಳು ಮಣಿಕಟ್ಟಿನ ಮೇಲೇ ನಿಂತಿತು. ಹೆಗಲು ಹಿಡಿಯಿತು. ಗುಂಡಿ ಕಾಜಾದ ಹತ್ತಿರ ಬಂತೇ ಹೊರತು ಒಳಗೆ ಹೋಗಲು ಒಪ್ಪಲಿಲ್ಲ. ಮಾಸ್ತರರು ಪಾಪ, ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ನಿಂತರು.

"ಚೀಟಿಯಲ್ಲಿ ಇದ್ದ ಹಾಗೇ ಕತ್ತರಿಸಿದೀನಿ" ಎಂದರು ಯಜಮಾನರು. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ. ಅದರಿಂದ ನನಗೆ ಇನ್ನೂ ಸಂಕಟವಾಯಿತು.

ಹತ್ತು ಶನಿವಾರ ಮುಗಿದಿತ್ತು, ಕೋಟು ಕೂರಲಿಲ್ಲ, ಅಷ್ಟೇ. ಅವಳು ಮತ್ತೆ ಶನಿವಾರ ಬೆಳಗ್ಗೆ ಸೀಮೆಸುಣ್ಣ ಹಿಡಿದು ನಿಲ್ಲುವುದು ನನಗೆ ಕಣ್ಣ ಮುಂದೆ ಬಂತು. ಮೊದಲಾಗಿದ್ದರೆ ನನಗೇನೂ ಅನ್ನಿಸುತ್ತಿರಲಿಲ್ಲ. ಈಗ ಅಳು ಬಂತು.

ಮೇಷ್ಟ್ರು ಗಡಿಯಾರ ನೋಡಿದರು. "ಇನ್ನೂ ನಾಲ್ಕು ನಿಮಿಷ ಇದೆ. ಪ್ರೋಗ್ರಾಂ ತೆಗೀರಿ. ಸಾಲು ಸಾಲಾಗಿ ಓದೋಣ."

ಗೋಡೆಯ ಮೇಲೆ ಅವಳು ಬರೆದದ್ದೆಲ್ಲ ದೊಡ್ಡದಾಗಿ ಬಂತು. ಅವಳು ಓದುತ್ತ ಕೆಳಗೆ ಸರಿಸುತ್ತ ಹೋದಳು. ಎದೆಯ ಲೆಕ್ಕ ಸರಿ, ತೋಳಿನದು ಸರಿ. ಒಂದು ಕಡೆ ಮಾತ್ರ ಬೆರಳು ಬೇಗ ಓಡಿತು.

"ಈಗ ದಾಟಿದ್ದು ಏನು?" ಎಂದರು ಮೇಷ್ಟ್ರು.

"ಅದೇನಿಲ್ಲ. ಕೆಳಗೆ ನೋಡೋಣ."

"ಅಲ್ಲೇ ಒಂದು ಷರತ್ತು ಇತ್ತಲ್ಲ?"

ಅವಳ ಕಿವಿ ಕೆಂಪಾಗಿದ್ದು ಆ ಕತ್ತಲಲ್ಲೂ ಕಂಡಿತು. ಅವಳು ಅಣ್ಣನ ಕಡೆ ತಿರುಗಿದಳು. "ಅಣ್ಣ, ಸ್ವಲ್ಪ ಹೊತ್ತು ಹೊರಗೆ ಇರ್ತೀಯಾ?"

"ಯಾಕೆ? ನಾನೂ ಚೀಟಿ ತಗೊಂಡ ಗಿರಾಕಿನೇ. ಓದು."

ಓದದಿದ್ದರೆ ಶನಿವಾರ ಹೋಗುತ್ತದೆ, ಓದಿದರೆ ಇನ್ನೇನೋ ಹೋಗುತ್ತದೆ ಎಂಬುದು ಅವಳ ಮುಖದಲ್ಲಿತ್ತು. ಆಮೇಲೆ ನಿಧಾನವಾಗಿ ಮೇಲಕ್ಕೆ ಸರಿಸಿದಳು. ಓದಲು ಅವಳಿಗೆ ಬಾಯಿ ಬರಲಿಲ್ಲ. ಯಜಮಾನರಿಗೆ ಅಕ್ಷರ ಕಂಡರೆ ಬಾಯಿ ತಡೆಯುವುದಿಲ್ಲವಲ್ಲ, ಅವರೇ ಗಟ್ಟಿಯಾಗಿ ಓದಿದರು.

"ಅಣ್ಣ ಅಳೆದಿದ್ದರೆ ಅರ್ಧ ಇಂಚು ಕೂಡಿಸು. ಟೇಪು ಬಿಗಿಯಾಗಿ ಎಳೀತಾನೆ. ಅವನಿಗೆ ಹೇಳಬಾರದು."

ಕೆಳಗಿನ ಲೆಕ್ಕ ಯಾಕೆಂದು ತನ್ನ ನೆನಪಿಗೆ ಗುರುತು ಹಾಕಿ ಬರೆದುಕೊಂಡ ಸಾಲು ಅದು. ಯಂತ್ರ ಓದದ, ಮನುಷ್ಯರು ಮಾತ್ರ ಓದುವ ಸಾಲು. ಅದರ ಕೆಳಗೆ ಇನ್ನೊಂದಿತ್ತು. ಅದನ್ನೂ ಓದಿದರು, ಈ ಸಲ ಮೆಲ್ಲಗೆ. "ಇಲ್ಲದಿದ್ದರೆ ನಾನೇ ಅಳೆದದ್ದು. ಒಂದು ಇಂಚು ಕಳೆ."

"ಅಯ್ಯೋ" ಎಂದಳು ನಾದಿನಿ. ಅಣ್ಣನ ಮುಖ ನೋಡಿ ಅಲ್ಲ, ಗೋಡೆ ನೋಡಿ. ಅವಳ ಕಣ್ಣು ಹೊಳೆಯಿತು. "ಅಣ್ಣ ಅಲ್ಲದಿದ್ದರೆ ನಾನೇ ಅಂದ್ಕೊಂಡಿದೀನಿ. ಮಾಸ್ತರರನ್ನ ಅಳೆದದ್ದು ನಾನಲ್ಲ. ಅತ್ತಿಗೆ. ಅತ್ತಿಗೆ ಟೇಪು ಸರಿ ಇದೆ, ಅದರಿಂದಲೂ ಒಂದು ಕಳೆದುಬಿಟ್ಟಿದೆ."

ನಾನು ಈ ಮನೆ ತುಂಬಿ ಬಂದು ಇಪ್ಪತ್ತೆರಡು ವರ್ಷವಾಯಿತು. ಅಣ್ಣನಿಗೊಂದು ಸಾಲು, ತನಗೊಂದು ಸಾಲು, ಅತ್ತಿಗೆಯ ಹೆಸರೇ ಇಲ್ಲ. ಬೇರೆ ದಿನವಾಗಿದ್ದರೆ ಇದಕ್ಕೆ ಒಂದು ವಾರದ ಜಗಳ ಆಗುತ್ತಿತ್ತು. ಅಂದು ನನ್ನ ಬಾಯಿಂದ ಬಂದದ್ದು ಬೇರೆ. "ಗಡಿಯಾರ ನೋಡೇ, ಬೇಗ ಬರಿ."

ಎರಡು ಬೆರಳು ಓಡಿದವು. ಕಿತ್ತುಹೋದ ಗುಂಡಿಯ ಜಾಗಕ್ಕೆ ಪೆನ್ಸಿಲು ಟಕ್ ಟಕ್ ಎಂದಿತು. ಪ್ರಿಂಟರು ಗುಂಯ್ ಎಂದು ಮಾಸ್ತರರ ಹೊಸ ಚೀಟಿ ಹೊರಹಾಕಿತು. ನಾನು ಪರ್ಸಿನಿಂದ ನನ್ನ ಟೇಪು ತೆಗೆದು ಮಾಸ್ತರರ ಹೆಗಲು, ತೋಳು, ಎದೆ ಮತ್ತೆ ಅಳೆದು ಗಟ್ಟಿಯಾಗಿ ಹೇಳಿದೆ, ಬಸ್ಸಣ್ಣ ಚೀಟಿ ನೋಡಿ ಪ್ರತಿಯೊಂದಕ್ಕೂ "ಸರಿ" ಎಂದರು. ಹತ್ತು ನಿಮಿಷದ ಹಿಂದೆ ಯಾರಿಗೂ ಪರಿಚಯವಿಲ್ಲದ ಕೋಟಿನ ತೋಳಿಗೆ ಕೋಣೆಗೆ ಕೋಣೆಯೇ ಉಸಿರು ಹಿಡಿದಿತ್ತು. ಕೊನೆಯ ಸರಿ ಬಂದಾಗ ಎದ್ದ ಗದ್ದಲಕ್ಕೆ ಕೆಳಗಿನಿಂದ ಲೈಬ್ರರಿಯಮ್ಮ ಮೇಲೆ ಓಡಿಬಂದರು.

ಆದರೆ ಒಪ್ಪಂದ ಚೀಟಿಯ ಬಗ್ಗೆ ಇರಲಿಲ್ಲ, ಕೋಟಿನ ಬಗ್ಗೆ ಇತ್ತು. ಕೋಟು ಕೂತಿರಲಿಲ್ಲ. ನಾದಿನಿಗೆ ಅದು ಗೊತ್ತಿತ್ತು. ನಗು ಒರೆಸಿಕೊಂಡು ಅಣ್ಣನ ಕಡೆ ನೋಡಿದಳು. ಯಜಮಾನರು ಇನ್ನೂ ಗೋಡೆಯ ಮೇಲಿನ ಆ ಸಾಲನ್ನೇ ನೋಡುತ್ತಿದ್ದರು.

"ಎಷ್ಟು ವರ್ಷದಿಂದ?" ಎಂದರು.

"ಏನು?"

"ಅರ್ಧ ಇಂಚು."

"ಮೊದಲಿಂದ" ಎಂದಳು ಅವಳು. "ಅಪ್ಪ ಇದ್ದಾಗಿಂದ. ನಿನ್ನ ಅಕ್ಷರ ಕಂಡರೆ ಅರ್ಧ ಕೂಡಿಸಿ ಕತ್ತರಿಸೋದು. ಅಂಗಡಿ ನಿನ್ನ ಹೆಸರಲ್ಲಿದೆ, ಗಿರಾಕಿ ಮುಂದೆ ಹೇಗೆ ಹೇಳಲಿ? ಮನಸ್ಸಲ್ಲೇ ಇಟ್ಟುಕೊಂಡಿದ್ದೆ. ಈ ಯಂತ್ರಕ್ಕೆ ಮನಸ್ಸಲ್ಲಿ ಇದ್ದದ್ದು ಗೊತ್ತಾಗಲ್ಲವಲ್ಲ ಅಣ್ಣ, ಬರೆಯಲೇಬೇಕಾಯ್ತು."

ನನ್ನ ಗಂಡ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮಾತೊಂದಿದೆ. ನನ್ನ ಅಳತೆ ಒಂದು ದಿನ ತಪ್ಪಿಲ್ಲ, ನಾನು ಅಳೆದ ಬಟ್ಟೆ ಒಂದೂ ವಾಪಸ್ ಬಂದಿಲ್ಲ ಎಂದು. ವಾಪಸ್ ಬಾರದಂತೆ ನೋಡಿಕೊಂಡವಳು ಮೂವತ್ತೆರಡು ವರ್ಷ ಎದುರು ಮೇಜಿನಲ್ಲೇ ನಿಂತಿದ್ದಳು. ಅಣ್ಣನ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು. ಅವಳ ನಾಲಿಗೆ ಚೂಪು ಎಂದು ಆಡಿಕೊಂಡವಳು ನಾನು. ನನಗೆ ನಾಚಿಕೆಯಾಯಿತು.

ಯಜಮಾನರು ಸಿಟ್ಟಿಗೆದ್ದು ಹೊರಟುಬಿಡುತ್ತಾರೆ ಎಂದುಕೊಂಡೆ. ಬಾಗಿಲ ಕಡೆ ದಾರಿಯನ್ನೂ ಬಿಟ್ಟೆ. ಅವರು ಬಾಗಿಲ ಕಡೆ ಬರಲಿಲ್ಲ. ಎಲ್ಲರೂ ನಿಂತು ಹೇಳುತ್ತಿದ್ದ ಜಾಗಕ್ಕೆ, ಗೋಡೆಯ ಬೆಳಕು ಬೀಳುವಲ್ಲಿಗೆ ಹೋಗಿ ನಿಂತರು. ತಂಗಿ ಬರೆದ ಅಕ್ಷರ ಅವರ ಅಂಗಿಯ ಮೇಲೆ ಬಿತ್ತು.

"ತಪ್ಪು ಸಿಕ್ಕಿತು" ಎಂದರು. "ನಾನು ಟೇಪು ಬಿಗಿಯಾಗಿ ಎಳೀತೀನಿ."

ಮೊದಲು ಚಪ್ಪಾಳೆ ತಟ್ಟಿದವರು ಬಸ್ಸಣ್ಣ. ಆಮೇಲೆ ಯಾರು ಎಂದು ನನಗೆ ಕಾಣಲಿಲ್ಲ, ಕಣ್ಣು ಮಂಜಾಗಿತ್ತು. ನಾದಿನಿ ತಟ್ಟಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಸೋಮವಾರದಿಂದ ನಲವತ್ತನಾಲ್ಕೂ ಕೋಟುಗಳನ್ನು ಚೀಟಿ ನೋಡಿಯೇ ಕತ್ತರಿಸಿದರು, ಅರ್ಧ ಅವಳು, ಅರ್ಧ ಅವರು. ಮಾಸ್ತರರದು ಮಿಕ್ಕ ಬಟ್ಟೆಯಲ್ಲಿ ಹೊಸದಾಗಿ ಆಯಿತು. ಒಂದೂ ವಾಪಸ್ ಬರಲಿಲ್ಲ.

ಶನಿವಾರದ ಮಾತನ್ನು ಆ ವಾರವಿಡೀ ಯಾರೂ ಎತ್ತಲಿಲ್ಲ. ಒಪ್ಪಂದ ಒಪ್ಪಂದವೇ ಎಂದು ಅವಳೂ ಕೇಳಲಿಲ್ಲ. ಶನಿವಾರ ಬೆಳಗ್ಗೆ ಎಂದಿನಂತೆ ಸೀಮೆಸುಣ್ಣ ಹಿಡಿದು ಮೇಜಿನ ಹತ್ತಿರ ನಿಂತಳು. ಯಜಮಾನರು ಒಬ್ಬ ಗಿರಾಕಿಯ ಎದೆಗೆ ಟೇಪು ಸುತ್ತುತ್ತಿದ್ದರು. ಟೇಪಿನ ಅಡಿಗೆ ಎರಡು ಬೆರಳು ತೂರಿಸಿ, ಸಡಿಲ ಬಿಟ್ಟು, ಎರಡೆರಡು ಸಲ ನೋಡಿ ಬರೆದುಕೊಂಡರು. ತಲೆಯೆತ್ತದೆ ಕೇಳಿದರು.

"ಲೈಬ್ರರಿ ಎಷ್ಟು ಗಂಟೆಗೆ?"

"ಹತ್ತಕ್ಕೆ" ಎಂದಳು ಅವಳು.

"ಒಂಬತ್ತೂಮುಕ್ಕಾಲಾಯ್ತಲ್ಲ. ಹೊರಡು." ಅವಳು ಬಾಗಿಲು ದಾಟುವಷ್ಟರಲ್ಲಿ ಮತ್ತೆ ಕೂಗಿದರು. "ಆ ಅರ್ಧ ಇಂಚಿನ ಸಾಲು ಅಳಿಸಿಬಿಡು. ಇನ್ನು ಬೇಕಾಗಲ್ಲ."

"ಎರಡು ತಿಂಗಳು ನೋಡ್ತೀನಿ" ಎಂದಳು ನಾದಿನಿ. "ಆಮೇಲೆ ಯೋಚನೆ ಮಾಡ್ತೀನಿ."

ಅವಳು ಬೀದಿಯಲ್ಲಿ ಓಡುತ್ತಿದ್ದಳು. ನಲವತ್ತೊಂಬತ್ತರ ಹೆಂಗಸು ಚಪ್ಪಲಿ ಸದ್ದು ಮಾಡಿಕೊಂಡು ಓಡುವುದನ್ನು ಎದುರಂಗಡಿಯವರೆಲ್ಲ ಹೊರಬಂದು ನೋಡಿದರು. ನಾನು ಅವಳ ಮೇಜು ಒರೆಸಲು ಹೋದೆ. ಲೈಬ್ರರಿಯಿಂದ ತಂದ ಪ್ರೋಗ್ರಾಮಿನ ಹೊಸ ಪ್ರತಿ ಕತ್ತರಿಯ ಕೆಳಗಿತ್ತು. ಅಣ್ಣನ ಸಾಲಿನ ಕೆಳಗೆ, ಅವಳ ಸಾಲಿನ ಮೇಲೆ, ಗುರುತು ಹಾಕಿದ ಒಂದು ಹೊಸ ಸಾಲಿತ್ತು.

ಅತ್ತಿಗೆ ಅಳೆದಿದ್ದರೆ ಕೂಡಿಸಬೇಡ, ಕಳೆಯಬೇಡ.